ಪೂಜಾ ಕೋಣೆಯ ನೆತ್ತಿಯ ಮೇಲೆ ರೊಟ್ಟಿ

ನಮ್ಮವ್ವನಿಗೆ ಇವತ್ತಿಗೂ ಮೇಲ್ಮಹಡಿಯ ಮನೆ ಅಂದರೆ ಆಗುವುದಿಲ್ಲ. ಬಳಗದವರು ಯಾರಾದರೂ ಹೊಸ ಫ್ಲ್ಯಾಟ್ ತೆಗೆದುಕೊಂಡು, ಗಾಳಿ ಬೆಳಕು ಚೆನ್ನಾಗಿದೆ ಬಾ ಎಂದು ಕರೆದರೆ ಹೋಗುತ್ತಾಳೆ, ಎಲ್ಲ ಕೋಣೆ ನೋಡುತ್ತಾಳೆ, ಕೊಟ್ಟ ಚಹಾ ಕುಡಿಯುತ್ತಾಳೆ, ಕೊನೆಗೆ ಕೇಳುವುದು ಒಂದೇ ಮಾತು: "ಕೆಳಗ ಯಾರದಾರ?" ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಆ ಪ್ರಶ್ನೆಯನ್ನು ಅವಳ ಬಾಯಲ್ಲಿ ಇಟ್ಟವರು ವಿಶಾಖಪಟ್ಟಣದ ನಮ್ಮ ಮನೆ ಓನರ್ ದಂಪತಿ. ಅವರ ಮೇಲಿನ ನನ್ನ ಸಿಟ್ಟು ಈಗ ಹಳೆಯದು, ಆದರೆ ಹಳಸಿಲ್ಲ. ಹೀಗೆ ಸಿಟ್ಟು ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಎಂದು ಹೇಳುವವರು ಒಮ್ಮೆಯಾದರೂ ಬಾಡಿಗೆ ಮನೆಯಲ್ಲಿ ಇದ್ದು ಆಮೇಲೆ ಹೇಳಲಿ.

ಅಪ್ಪ ಬ್ಯಾಂಕಿನಲ್ಲಿ ಆಫೀಸರ್. ಗದಗಿನಲ್ಲಿ ನೆಮ್ಮದಿಯಾಗಿದ್ದ ನಮ್ಮನ್ನು ಪ್ರಮೋಷನ್ ಎಂಬ ಹೆಸರಿನಲ್ಲಿ ವಿಶಾಖಪಟ್ಟಣಕ್ಕೆ ಎತ್ತಿ ಹಾಕಿದರು. ನಾನಾಗ ಆರನೆಯ ತರಗತಿ, ಒಬ್ಬಳೇ ಮಗಳು. ಅಲ್ಲಿ ಮನೆ ಹುಡುಕುವುದೆಂದರೆ ಹೆಣ್ಣು ತೋರಿಸುವುದಕ್ಕಿಂತ ಕಡೆ. 'ಟು-ಲೆಟ್' ಬೋರ್ಡು ನೋಡಿ ಗೇಟು ತಟ್ಟಿದರೆ ಮೊದಲು ಅಪ್ಪನ ಚಪ್ಪಲಿಯಿಂದ ಅವ್ವನ ಕುಂಕುಮದವರೆಗೆ ಕಣ್ಣಾಡಿಸುತ್ತಿದ್ದರು. ಆಮೇಲೆ ಎಗ್ಗಿಲ್ಲದೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವಷ್ಟು ಸಲೀಸಾಗಿ, "ಮೀರೇಮಿಟ್ಲು?" ಎಂದು ಜಾತಿ ಕೇಳುತ್ತಿದ್ದರು. ಮೊಟ್ಟೆ ತಿನ್ನುತ್ತೀರಾ, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ, ಮುದುಕರು ಕಾಯಿಲೆಯವರು ಇದ್ದಾರೆಯೇ. ಕೌಂಟರಿನ ಹಿಂದೆ ಕೂತರೆ ಸಾಲ ಕೇಳಲು ಬಂದವರ ಬೆವರಿಳಿಸುತ್ತಿದ್ದ ನಮ್ಮಪ್ಪ, ಆ ಗೇಟುಗಳ ಮುಂದೆ ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ ನಿಲ್ಲುತ್ತಿದ್ದ. ಅದನ್ನು ನೋಡಿದ್ದು ನನಗೆ ಇನ್ನೂ ನೆನಪಿದೆ.

ಕೊನೆಗೆ ಸಿಕ್ಕಿದ್ದು ದ್ವಾರಕಾ ನಗರದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮಹಡಿ ಮನೆ. ಕೆಳಗೆ ಓನರ್, ಮೇಲೆ ನಾವು. ಓನರ್ ಅಂಕಲ್ ರಿಟೈರ್ಡ್ ಇಂಜಿನಿಯರ್. ಮನೆಯ ಸ್ಲ್ಯಾಬನ್ನು ತಾನೇ ಬಿಸಿಲಲ್ಲಿ ನಿಂತು ಹಾಕಿಸಿದ್ದಾಗಿ ಮೊದಲ ದಿನವೇ ಹೇಳಿದರು. ಅವರ ಹೆಂಡತಿ ಕಾಮೇಶ್ವರಿಗಾರು, ನನಗೆ ಆಂಟಿ. ಮಕ್ಕಳು ದೂರದ ಊರುಗಳಲ್ಲಿ. ಸುಳ್ಳು ಯಾಕೆ ಹೇಳಲಿ, ಆ ಮನೆಯಲ್ಲಿ ನನಗೆ ಹಿಡಿಸಿದ್ದು ಬಹಳ ಇತ್ತು. ಟೆರೇಸಿಗೆ ಹೋದರೆ ಸಂಜೆ ಸಮುದ್ರದ ಕಡೆಯಿಂದ ಬರುವ ಗಾಳಿಗೆ ಒಗೆದ ಬಟ್ಟೆ ಹಗ್ಗ ಹರಿದುಕೊಂಡು ಹಾರುವಂತೆ ಕುಣಿಯುತ್ತಿತ್ತು. ಓಣಿಯ ಹುಡುಗಿಯರು ವಾರದೊಳಗೆ ನನ್ನನ್ನು ಆಟಕ್ಕೆ ಸೇರಿಸಿಕೊಂಡು, ತಿಂಗಳೊಳಗೆ ತೆಲುಗು ಕಲಿಸಿಬಿಟ್ಟರು. ಭಾನುವಾರ ಸಿಂಹಾಚಲಂ ಬಸ್ಸು ಹತ್ತಿದರೆ ದೇವರ ದರ್ಶನವೂ ಆಯಿತು, ಬೆಟ್ಟ ಸುತ್ತಿದ ಹಾಗೂ ಆಯಿತು. ನಾವು ಹಾಲು ಉಕ್ಕಿಸಿದ ದಿನ ಆಂಟಿ ಪುಲಿಹೋರ ಎಂಬ ಹುಳಿಯನ್ನ ಮಾಡಿ ತಂದು ಅವ್ವನಿಗೆ ಅರಿಶಿನ ಕುಂಕುಮ ಕೊಟ್ಟಿದ್ದರು. ಆದರೆ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಹಾಗಾಗಿ ನಮ್ಮ ಅಜ್ಜನ ಫೋಟೋ ಆ ಮನೆಯಲ್ಲಿ ಇದ್ದಷ್ಟು ಕಾಲವೂ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿತ್ತು, ಅವನೂ ಬಾಡಿಗೆಗೆ ಬಂದವನ ಹಾಗೆ. ನೀರಿನ ಮೋಟರ್ ಗುಂಡಿ ಕೆಳಗಿನವರ ಕೈಯಲ್ಲಿ. ತಲೆಗೆ ಸೋಪು ಹಚ್ಚಿಕೊಂಡಾಗ ಟ್ಯಾಂಕು ಖಾಲಿಯಾದರೆ ಟವೆಲ್ ಸುತ್ತಿಕೊಂಡು ಬಾಲ್ಕನಿಯಿಂದ "ಆಂಟೀ, ಮೋಟರ್!" ಎಂದು ಬೇಡಬೇಕು. ಇದೆಲ್ಲ ಎಲ್ಲ ಬಾಡಿಗೆ ಮನೆಯ ಪಾಡು ಎಂದು ಅವ್ವ ಸುಮ್ಮನಿದ್ದಳು.

ಅವಳು ಸುಮ್ಮನಿರದೆ ಹೋದದ್ದು ರೊಟ್ಟಿಯ ವಿಷಯಕ್ಕೆ. ಅವ್ವ ರೊಟ್ಟಿ ಬಡಿಯುವುದನ್ನು ನೋಡದವರಿಗೆ ಹೇಳುವುದು ಕಷ್ಟ. ಅಡಿಗೆಮನೆಯ ನೆಲದ ಮೇಲೆ ಕೂತು, ಮರದ ಹಲಗೆಯ ಮೇಲೆ ಹಿಟ್ಟು ಚೆಲ್ಲಿ, ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟಿನ ಮುದ್ದೆ ಇಟ್ಟು ಶುರು ಮಾಡಿದರೆ ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ಬಳೆಗಳು ಅದರ ಜೊತೆ ಸದ್ದು ಮಾಡುತ್ತವೆ. ನಡುವೆ ನಿಲ್ಲುವ ಮಾತೇ ಇಲ್ಲ. ರೊಟ್ಟಿ ಅಗಲವಾದಂತೆ ಸದ್ದು ತೆಳುವಾಗುತ್ತ ಹೋಗಿ, ಹಂಚಿಗೆ ಬಿದ್ದಾಗಲೇ ಕೈಗೆ ಬಿಡುವು. ಹುಟ್ಟಿದಾಗಿನಿಂದ ನಾನು ಆ ಸದ್ದಿಗೇ ಎದ್ದವಳು. ಊರಿಂದ ಬರುವಾಗ ಬಟ್ಟೆಗಿಂತ ಮೊದಲು ಕಟ್ಟಿದ್ದು ಬಿಳಿಜೋಳದ ಚೀಲ ಮತ್ತು ಆ ಹಲಗೆ. ಆ ಹಲಗೆ ಅವಳ ತವರಿನದು. ವಿಶಾಖಪಟ್ಟಣದ ಹಿಟ್ಟಿನ ಗಿರಣಿಯವನ ಮುಂದೆ ನಿಂತು, ಮೆಣಸಿನಕಾಯಿ ಬೀಸಿದ ಮೇಲೆ ನಮ್ಮ ಜೋಳ ಹಾಕಬೇಡ ಎಂದು ಕೈಸನ್ನೆಯಲ್ಲೇ ಅವನಿಗೆ ತಿಳಿಸಿ ಬಂದಿದ್ದಳು.

ಮೊದಲ ತಿಂಗಳು ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ನೆಲದಡಿಯಿಂದಲೂ ಬಡಿಯುವ ಸದ್ದು ಬಂತು. ಅವ್ವ ಕೈ ನಿಲ್ಲಿಸಿ ಕಿವಿಗೊಟ್ಟಳು. ಕೆಳಗಿನದೂ ನಿಂತಿತು. ಮತ್ತೆ ಬಡಿದಳು, ಮತ್ತೆ ಬಂತು. ಅವಳ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

"ಕೇಳ ಗಿರ್ಜಿ! ಕೆಳಗಿನವ್ರೂ ರೊಟ್ಟಿ ಬಡ್ಯಾಕತ್ತಾರ! ನಮ್ಮ ಕಡೆ ಮಂದಿನ ಇರಬೇಕು ನೋಡು, ಹೇಳೇ ಇಲ್ಲ!"

ಪರದೇಶದಂಥ ಊರಲ್ಲಿ ರೊಟ್ಟಿ ಬಡಿಯುವ ಇನ್ನೊಂದು ಕೈ ಸಿಕ್ಕಿತೆಂದು ಅವಳಿಗೆ ಹಬ್ಬವಾಯಿತು. ಮರುದಿನವೂ ಅದೇ ಆಯಿತು. ಮೂರನೆಯ ದಿನ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಎಲ್ಲ ತಟ್ಟೆಗೆ ಹಾಕಿ, ಸೀರೆ ಸರಿಮಾಡಿಕೊಂಡು, ಮಾತಾಡಲು ನನ್ನನ್ನು ಕರೆದುಕೊಂಡು ಕೆಳಗಿಳಿದಳು. ಬಾಗಿಲು ತೆರೆದ ಆಂಟಿಯ ಕೈಯಲ್ಲಿ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲಿತ್ತು.

"ಆ ಚಪ್ಪುಡು ಏಮಿಟಮ್ಮಾ ರೋಜೂ?" ಎಂದರು ನನ್ನನ್ನು ನೋಡಿ. ದಿನಾ ಅದೇನು ಸದ್ದು? ಅಡಿಗೆಮನೆಯ ಕೆಳಗೇ ತಮ್ಮ ಪೂಜಾ ಕೋಣೆ ಇರುವುದು, ದೇವರ ನೆತ್ತಿಯ ಮೇಲೆ ಹೀಗೆ ಬಡಿದರೆ ಹೇಗೆ, ನಿಲ್ಲಿಸಿ ಎಂದು ಕೋಲಿನಿಂದ ಮೂರು ಮೂರು ಸಲ ಬಡಿದು ಹೇಳಿದರೂ ನಿಮ್ಮಮ್ಮನಿಗೆ ತಿಳಿಯುವುದಿಲ್ಲವೇ. ಒಳಗಿನಿಂದ ಅಂಕಲ್ ಬಂದು, ಹೀಗೇ ಬಡಿಯುತ್ತಿದ್ದರೆ ಸ್ಲ್ಯಾಬ್ ಬಿರಿಯುತ್ತದೆ, ನಾನು ಇಂಜಿನಿಯರ್, ನನಗೆ ಗೊತ್ತು ಎಂದರು. ಆಂಟಿ ತಟ್ಟೆಯ ಮೇಲಿನ ಬಟ್ಟೆ ಎತ್ತಿ ನೋಡಿದರು.

"ಜೊನ್ನ ರೊಟ್ಟೆಲಾ? ಮೀಕು ಷುಗರ್ ಉಂದಾ?"

ನಿಮಗೆ ಷುಗರ್ ಇದೆಯೇ ಅಂತ. ಅವರ ಪ್ರಕಾರ ಜೋಳದ ರೊಟ್ಟಿ ಸಕ್ಕರೆ ಕಾಯಿಲೆಯವರು ತಿನ್ನುವ ಔಷಧ. ಅವ್ವ ನನ್ನ ಮುಖ ನೋಡುತ್ತಿದ್ದಳು. "ಏನಂದ್ರು?" ಎಂದಳು. ಇಬ್ಬರ ನಡುವೆ ತೆಲುಗು ಕನ್ನಡ ಎರಡೂ ಬಲ್ಲವಳು ನಾನೊಬ್ಬಳೇ. ಹನ್ನೊಂದು ವರ್ಷದ ಹುಡುಗಿ ತನ್ನ ತಾಯಿಗೆ, ನೀನು ಜೊತೆಯವರು ಸಿಕ್ಕರೆಂದು ಹಿಗ್ಗಿದ ಸದ್ದು ನಿನ್ನನ್ನು ಗದರಿಸಿದ ಸದ್ದು ಎಂದು ಹೇಳಬೇಕಾಯಿತು. ಹೇಳಿದೆ. ಅವ್ವ ತಟ್ಟೆಯನ್ನು ವಾಪಸ್ಸು ತರಲಿಲ್ಲ. ಅಲ್ಲೇ ಕಟ್ಟೆಯ ಮೇಲಿಟ್ಟು, ನಿಧಾನ ಮೆಟ್ಟಿಲು ಹತ್ತಿದಳು.

ಅಪ್ಪ ಬ್ಯಾಂಕಿನಿಂದ ಬಂದಾಗ ನಾನೇ ಎಲ್ಲ ಹೇಳಿದೆ. ಅವನು ಕೆಳಗೆ ಹೋಗಿ ಜಗಳ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಕೆಳಗೆ ಹೋಗಿ ಸಾರಿ ಹೇಳಿ ಬಂದ. ಸ್ಕೂಲಿನ ವರ್ಷದ ಮಧ್ಯೆ ಮನೆ ಬಿಡುವ ಹಾಗಿಲ್ಲ, ಮತ್ತೆ ಗೇಟು ಗೇಟಿಗೆ ಹೋಗಿ ನಿಲ್ಲುವ ಶಕ್ತಿ ತನಗಿಲ್ಲ ಎಂದ. ಅದು ನಿಜವೂ ಇರಬಹುದು. ಅವ್ವ ಹಲಗೆಯನ್ನು ಹಾಲಿಗೆ ಒಯ್ದಳು. ಅದರ ಕೆಳಗೆ ಅಂಕಲ್ ಪೇಪರ್ ಓದುವ ಜಾಗ, ಕೋಲು ಅಲ್ಲಿಯೂ ಬಂತು. ಕೆಳಗೆ ಕಂಬಳಿ ಮಡಚಿ ಹಾಕಿದಳು. ಹಲಗೆ ಅಲುಗಾಡಿ ರೊಟ್ಟಿ ಹರಿಯಿತು. ಟೆರೇಸಿಗೆ ಒಯ್ದಳು, ಟೆರೇಸ್ ಇರುವುದು ಬಟ್ಟೆ ಒಣಗಿಸಲು, ಅಡಿಗೆಗಲ್ಲ ಎಂದು ಅಂಕಲ್ ಬೆಳಗಿನ ಹೊತ್ತು ಮೆಟ್ಟಿಲ ಬಾಗಿಲಿಗೆ ಬೀಗ ಹಾಕತೊಡಗಿದರು. ಕಡೆಗೆ ಲಟ್ಟಣಿಗೆ ಹಿಡಿದಳು. ಜೋಳದ ಹಿಟ್ಟು ಲಟ್ಟಣಿಗೆಗೆ ಬಗ್ಗುವುದೇ? ಅಂಚು ಒಡೆದು ತುಂಡು ತುಂಡಾದದ್ದನ್ನು ಹಂಚಿನಿಂದ ಬಳಿದು ತಟ್ಟೆಗೆ ಹಾಕಿದಳು. ಅಪ್ಪ ಅದನ್ನು ತಿನ್ನುತ್ತ, ಸಮಾಧಾನ ಮಾಡಲೆಂದೇ ಬಾಯಿಬಿಟ್ಟು ಕೆಟ್ಟ.

"ರೊಟ್ಟಿ ಇಲ್ದ ಯಾರರ ಸತ್ತಾರೇನು? ಇಲ್ಲಿ ಮಂದಿ ಎಲ್ಲಾ ಅನ್ನಾನ ಉಣ್ತಾರ. ಬಾಡಿಗಿ ಮನ್ಯಾಗ ಇದ್ಮ್ಯಾಲ ಸ್ವಲ್ಪ ಹೊಂದ್ಕೊಂಡು ಹೋಗಬೇಕು."

"ಮಂದಿ ಉಣ್ಲಿ. ಹೊಂದ್ಕೊಳ್ಳಾಕ ನಾ ಏನರ ಕೈಗೂಸೇನು? ನಾವು ಬಾಡಿಗಿ ಕೊಡೂದು ಮನಿಗೆ. ನನ್ನ ಕೈ ಅವ್ರಿಗೆ ಬರದು ಕೊಟ್ಟಿಲ್ಲ."

"ದೇವ್ರ ಕೋಣಿ ಅಂತಾರ ಏನು ಮಾಡ್ಲಿ?"

"ಅವ್ರ ದೇವ್ರು ರೊಟ್ಟಿ ಸಪ್ಪಳಕ್ಕ ಹೆದರ್ತಾನೇನು? ದಿನಾ ಅಷ್ಟೊತ್ತು ಗಂಟಿ ಬಾರಸ್ತಾರಲ್ಲ, ಅದಕ್ಕ ಹೆದರೂದಿಲ್ಲ?"

ಒಂದು ಮನೆಯ ಬಾಡಿಗೆ ತೆಗೆದುಕೊಂಡು, ಆ ಮನೆಯಲ್ಲಿ ಬೇಯುವ ಅನ್ನವನ್ನೂ ಏಳುವ ಸದ್ದನ್ನೂ ತಾವೇ ಆಳುತ್ತೇವೆ ಎನ್ನುವ ಈ ಧೈರ್ಯ ಮನುಷ್ಯರಿಗೆ ಎಲ್ಲಿಂದ ಬರುತ್ತದೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವ್ವ ಹಲಗೆ ತೊಳೆದು ಬಾಗಿಲ ಹಿಂದೆ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಮೂರು ಹೊತ್ತು ಅನ್ನ ಶುರುವಾಯಿತು. ಅವಳು ಉಣ್ಣಲು ಕೂತು ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಬೆಳಿಗ್ಗೆ ಮನೆ ಮೂಕವಾಗಿರುತ್ತಿತ್ತು. ನನಗೆ ಏಳಲು ಅಲಾರಾಂ ಬೇಕಾಯಿತು.

ಹೀಗೆ ಒಂದು ಮಳೆಗಾಲ ಕಳೆಯಿತು. ಆಮೇಲೆ ಒಂದು ಮಧ್ಯಾಹ್ನ ಆಂಟಿ ತಾವಾಗಿಯೇ ಮೇಲೆ ಬಂದರು. ಎಂದೂ ಇಲ್ಲದ್ದು, ಅವ್ವನನ್ನು 'ವದಿನಗಾರೂ' ಎಂದು ಅತ್ತಿಗೆ ಮಾಡಿಕೊಂಡರು.

"ವದಿನಗಾರೂ, ಮಾ ವಾರಿಕಿ ಷುಗರ್ ವಚ್ಚಿಂದಂಡೀ."

ಅಂಕಲ್‌ಗೆ ಸಕ್ಕರೆ ಕಾಯಿಲೆ ಬಂದಿತ್ತು. ಡಾಕ್ಟರು ಅನ್ನ ಬಿಟ್ಟು ಜೊನ್ನ ರೊಟ್ಟೆ ತಿನ್ನಲು ಹೇಳಿದ್ದರು. ಆಂಟಿಗೆ ಮಾಡಲು ಬರದು, ಕಲಿಸಿಕೊಡಬೇಕಂತೆ. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಈಗ ಅವ್ವ ಬಾಗಿಲು ಹಾಕಿಕೊಳ್ಳುತ್ತಾಳೆ, ಚೆನ್ನಾಗಿ ಅನ್ನಿಸಿಕೊಂಡು ಹೋಗುತ್ತಾರೆ ಎಂದು ಕಾದೆ. ಅವ್ವ ಹೊರಟೇಬಿಟ್ಟಳು. ಬಾಗಿಲ ಹಿಂದಿನ ಹಲಗೆ ಕಂಕುಳಲ್ಲಿಟ್ಟುಕೊಂಡು, "ಪಾಪ, ಬ್ಯಾನಿ ಬಂದೈತಿ" ಎನ್ನುತ್ತ ಕೆಳಗಿಳಿದಳು. ಒಂದು ವಾರ ದಿನಾ ಹೋದಳು. ನೀರು ಎಷ್ಟು ಕಾಯಬೇಕು, ಅಂಗೈ ಎಲ್ಲಿ ಬೀಳಬೇಕು, ಎಡಗೈ ಯಾವಾಗ ತಿರುಗಿಸಬೇಕು ಎಂದು ಆಂಟಿಯ ಕೈ ಹಿಡಿದು ಕಲಿಸಿದಳು. ಮೊದಮೊದಲು ಆಂಟಿಯ ರೊಟ್ಟಿ ನಕ್ಷೆಯ ಹಾಗೆ ದಿಕ್ಕುದಿಕ್ಕಿಗೆ ಹೋಗುತ್ತಿತ್ತು, ಇಬ್ಬರೂ ನಗುತ್ತಿದ್ದರು. ಅವ್ವನ ಮುಖದಲ್ಲಿ ಊರು ಬಿಟ್ಟ ಮೇಲೆ ಕಾಣದ ಕಳೆ ಬಂದಿತ್ತು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು: ರೊಟ್ಟಿ ಅಂದರೆ ಏನೆಂದು ಇವರಿಗೀಗ ತಿಳಿಯಿತು, ಇನ್ನು ತಡೆಯುವುದಿಲ್ಲ.

ಆಂಟಿಗೆ ಕೈ ಕುದುರಿದ ಮರುದಿನ ಅವ್ವ ನಮ್ಮ ಅಡಿಗೆಮನೆಯಲ್ಲಿ ಹಲಗೆ ಹಾಕಿ ಕೂತಳು. ಅಪ್ಪನೂ ಹಸಿದ ಮುಖ ಮಾಡಿಕೊಂಡು ಹತ್ತಿರ ಬಂದು ಕೂತ. ಮೊದಲ ರೊಟ್ಟಿ ಅರ್ಧಕ್ಕೆ ಬಂದಿತ್ತು. ಕೆಳಗಿನಿಂದ ಕೋಲು ಮೂರು ಸಲ ಬಡಿಯಿತು.

ನಾನು ಯಾರನ್ನೂ ಕೇಳದೆ ಮೆಟ್ಟಿಲಿಳಿದು ಓಡಿದೆ. ಅಂಕಲ್ ಊಟದ ಮೇಜಿನ ಮುಂದೆ ಕೂತಿದ್ದರು. ಅವರ ತಟ್ಟೆಯಲ್ಲಿ ರೊಟ್ಟಿ ಇತ್ತು. ಅವ್ವ ಕಲಿಸಿದ ರೊಟ್ಟಿ. ನೀವೂ ಬಡಿಯುತ್ತೀರಲ್ಲ ಆಂಟಿ, ನಮ್ಮ ಅಮ್ಮ ಯಾಕೆ ಬಡಿಯಬಾರದು ಎಂದು ಕೇಳಿದೆ. ಆಂಟಿಗೆ ಸಿಟ್ಟು ಬರಲಿಲ್ಲ, ಅದೇ ಇನ್ನೂ ಕೆಟ್ಟದ್ದು. ಮಗುವಿಗೆ ಲೆಕ್ಕ ಹೇಳಿಕೊಡುವ ಹಾಗೆ ಮೆತ್ತಗೆ ಹೇಳಿದರು.

"ಮಾದಿ ನೇಲ ಮೀದ ಕದಮ್ಮಾ. ಮೀದಿ ಸ್ಲ್ಯಾಬ್ ಮೀದ."

ಅವರದು ನೆಲದ ಮೇಲೆ, ನಮ್ಮದು ಸ್ಲ್ಯಾಬಿನ ಮೇಲೆ! ಮೇಲೆ ಬಂದು ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವ ಹಲಗೆಯ ಮೇಲಿದ್ದ ಅರ್ಧ ರೊಟ್ಟಿಯನ್ನು ಮುದ್ದೆ ಮಾಡಿ, ಹಲಗೆ ಒರೆಸಿ, ಮತ್ತೆ ಬಾಗಿಲ ಹಿಂದೆ ನಿಲ್ಲಿಸಿದಳು. ಅಪ್ಪ ಹೊತ್ತಿಗೆ ಮೊದಲೇ ಬ್ಯಾಂಕಿಗೆ ಹೊರಟ.

ಅವತ್ತಿನಿಂದ ನಮ್ಮ ಮನೆಗೆ ಬೆಳಗಿನ ಸದ್ದು ವಾಪಸ್ಸು ಬಂತು, ಆದರೆ ನೆಲದಡಿಯಿಂದ. ಮೇಲೆ ನಮ್ಮವ್ವ ಕುಕ್ಕರಿಗೆ ಅಕ್ಕಿ ಇಡುತ್ತಿದ್ದಳು, ಕೆಳಗೆ ಅವಳ ವಿದ್ಯೆ ಬಡಿದುಕೊಳ್ಳುತ್ತಿತ್ತು. ಒಂದು ದಿನ ತಡೆಯಲಾರದೆ ನಾನು ಹಿಮ್ಮಡಿಯಿಂದ ನೆಲಕ್ಕೆ ದಪ್ಪದಪ್ಪ ಗುದ್ದಿದೆ. ಅವ್ವ ನನ್ನ ಕಾಲು ಹಿಡಿದುಕೊಂಡಳು.

"ಬ್ಯಾಡ ಗಿರ್ಜಿ. ಬಡೀಲಿ ಬಿಡು." ಸ್ವಲ್ಪ ಹೊತ್ತು ಕೇಳಿಸಿಕೊಂಡು ಅಂದಳು, "ಇವತ್ತ ನೀರು ಜಾಸ್ತಿ ಮಾಡ್ಯಾಳ. ಕೈಗೆ ಅಂಟಾಕತ್ತೈತಿ."

ಅವ್ವನ ಈ ದೊಡ್ಡ ಮನಸ್ಸು ನನಗೆ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳ ಪಾಲಿನ ಸಿಟ್ಟನ್ನೂ ಸೇರಿಸಿ ನಾನೇ ಇಟ್ಟುಕೊಂಡೆ. ಅನ್ಯಾಯವನ್ನು ಮೆತ್ತನೆಯ ದನಿಯಲ್ಲಿ ಹೇಳುವವರ ಮುಂದೆ ನನ್ನ ದನಿ ಇವತ್ತಿಗೂ ಏರುವುದು ಅಲ್ಲಿಂದಲೇ.

ಅಪ್ಪನಿಗೆ ವಿಜಯವಾಡದ ಕಡೆಗೆ ವರ್ಗವಾದಾಗ ನಾನು ಓಣಿಯ ಗೆಳತಿಯರಿಗಾಗಿ ಅತ್ತೆ, ಟೆರೇಸಿನ ಗಾಳಿಗಾಗಿಯೂ ಅತ್ತೆ. ಹೊರಡುವ ದಿನ ಬೆಳಿಗ್ಗೆ ಲಾರಿಯವರು ಸಾಮಾನು ಕೆಳಗಿಳಿಸಿ ತುಂಬುತ್ತಿದ್ದರು. ಗ್ಯಾಸಿನ ಸಿಲಿಂಡರ್ ಹಿಂದಿನ ದಿನವೇ ಹಿಂದಿರುಗಿಸಿಯಾಗಿತ್ತು, ತಿಂಡಿ ಹೋಟೆಲಿನ ಇಡ್ಲಿ. ಅಡಿಗೆಮನೆ ಬರಿದಾಗಿತ್ತು. ಅವ್ವ ಡಬ್ಬಿಯ ತಳದಲ್ಲಿ ಉಳಿದ ಜೋಳದ ಹಿಟ್ಟನ್ನು ಹಲಗೆಯ ಮೇಲೆ ಸುರಿದುಕೊಂಡು, ನಲ್ಲಿಯ ತಣ್ಣೀರಲ್ಲೇ ಕಲಸಿ, ನೆಲದ ಮೇಲೆ ಕೂತಳು. ಒಲೆ ಇಲ್ಲ, ಹಂಚು ಲಾರಿ ಸೇರಿದೆ. ಅವಳು ಬಡಿಯತೊಡಗಿದಳು. ಖಾಲಿ ಮನೆಯಲ್ಲಿ ಆ ಸದ್ದು ಗೋಡೆ ಗೋಡೆಗೆ ಹಾಯಿತು. ಅಗಲವಾದದ್ದನ್ನು ಮತ್ತೆ ಮುದ್ದೆ ಮಾಡುವಳು, ಮತ್ತೆ ಬಡಿಯುವಳು. ಕೋಲು ಬಡಿಯಿತು. ಅವಳು ನಿಲ್ಲಿಸಲಿಲ್ಲ. ಕೋಲು ಮತ್ತೆ ಬಡಿಯಿತು. ಆಮೇಲೆ ಅಂಕಲ್ ಏದುತ್ತ ಮೇಲೆ ಬಂದರು. ಒಲೆಯೇ ಇಲ್ಲದ ಮನೆಯಲ್ಲಿ ಇದೇನು ನಿಮ್ಮಮ್ಮ ಮಾಡುತ್ತಿರುವುದು ಎಂದು ನನ್ನನ್ನು ಕೇಳಿದರು. ಅವ್ವನಿಗೆ ಅಷ್ಟು ತೆಲುಗು ಆಗಲೇ ತಿಳಿಯುತ್ತಿತ್ತು, ಆದರೂ ನನ್ನ ಕಡೆಯೇ ತಿರುಗಿದಳು.

"ಹೇಳವಾ ಇವ್ರಿಗೆ. ರೊಟ್ಟಿ ಮಾಡಾಕತ್ತಿಲ್ಲ, ನಿಮ್ಮ ಸ್ಲ್ಯಾಬ್ ನೋಡಾಕತ್ತೀನಿ ಅಂತ ಹೇಳು. ಮನಿ ಬಿಟ್ಟು ಹೋಗೋ ಮುಂದ ಎಲ್ಲಿ ಬಿರಿದೈತಿ ಬಂದು ತೋರಸ್ರಿ ಅನ್ನು."

ಹೇಳಿದೆ. ಒಂದು ಅಕ್ಷರ ಬಿಡದೆ, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ ಹೇಳಿದೆ. ಅಂಕಲ್ ಮುಖ ಕೆಂಪಾಯಿತು. ಅಪ್ಪ ಟ್ರಂಕಿನ ಪಕ್ಕ ನಿಂತಿದ್ದ. ಈಗ ಸಾರಿ ಹೇಳುತ್ತಾನೆ ಎಂದು ನಾನು ಹಲ್ಲು ಕಚ್ಚಿದೆ. ಅವನು ಡಬ್ಬಿ ಬಗ್ಗಿಸಿ ನೋಡಿದ.

"ತಳದಾಗ ಇನ್ನೂ ಸ್ವಲ್ಪ ಹಿಟ್ಟೈತಿ ನೋಡು," ಎಂದು ಅದನ್ನು ಹಲಗೆಯ ಮೇಲೆ ಕೊಡವಿದ.

ಅಂಕಲ್ ಇಂಜಿನಿಯರ್ ಅಲ್ಲವೇ, ಅಳುಕು ತಡೆಯಲಾಗಲಿಲ್ಲ. ಬಾಲ್ಕನಿಗೆ ಹೋಗಿ ಬಗ್ಗಿ, ಪೂಜಾ ಕೋಣೆಯ ಸೀಲಿಂಗ್ ನೋಡು, ಬಿರುಕು ಬಂದಿದೆಯೇ ಎಂದು ಹೆಂಡತಿಗೆ ಕೂಗಿದರು. ಅವ್ವ ಬಡಿಯುತ್ತಲೇ ಇದ್ದಳು. ಕೆಳಗಿನಿಂದ ಓಣಿಗೆಲ್ಲ ಕೇಳುವಂತೆ ಆಂಟಿಯ ದನಿ ಬಂತು:

"ಏಮೀ ಲೇದಂಡೀ!"

ಏನೂ ಆಗಿಲ್ಲ! ಅಂಕಲ್ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು. ಅವ್ವ ಕೈ ತೊಳೆದು, ಹಲಗೆ ತೊಳೆದು, ಅದನ್ನು ಲಾರಿಗೆ ಹಾಕಗೊಡದೆ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ವಿಜಯವಾಡದಲ್ಲಿ ಮನೆ ಹುಡುಕುವಾಗ ಗೇಟುಗಳ ಮುಂದೆ ಅಪ್ಪ ನಿಂತ, ಅವ್ವ ಮಾತಾಡಿದಳು. ಅವಳ ಷರತ್ತು ಒಂದೇ: ಕೆಳಗಿನ ಮನೆ. ಸಿಕ್ಕಿದ್ದು ಎಂಥದು ಎನ್ನುತ್ತೀರಿ, ಗಾಳಿ ಅಪ್ಪಿತಪ್ಪಿಯೂ ಒಳಗೆ ಬಾರದು, ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈ ಸುಡುವುದು, ಮಳೆ ಬಂದರೆ ಚರಂಡಿಯ ನೀರು ಹೊಸ್ತಿಲವರೆಗೆ ಬಂದು ನೋಡಿ ಹೋಗುವುದು. ಅಪ್ಪ ಇಬ್ರಾಹಿಂಪಟ್ನಂ ಕಡೆಯ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಹತ್ತಿರದ ಶಾಖೆಯಿಂದ ಬರುವಾಗ ಅಂಗಿಯ ತುಂಬ ಬೂದಿಯ ವಾಸನೆ ಹೊತ್ತು ತರುತ್ತಿದ್ದ. ಅದೇ ಬಾಡಿಗೆಗೆ ಮೇಲೊಂದು ಗಾಳಿಯ ಮನೆ ಖಾಲಿ ಇತ್ತು. ರೊಟ್ಟಿ ಬಡಿಯುವುದಕ್ಕೆ ನಾವು ಗಾಳಿಯನ್ನು ಬಿಟ್ಟುಕೊಟ್ಟೆವು. ಎರಡೂ ಇರುವ ಮನೆ ಬಾಡಿಗೆಯವರಿಗೆ ಯಾಕೆ ಸಿಗಬಾರದು?

ಆ ಮನೆಯ ಮೊದಲ ಬೆಳಿಗ್ಗೆ ನಾನು ಅಲಾರಾಂಗೆ ಮುಂಚೆಯೇ ಎದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವ್ವ ಹಲಗೆ ಹಾಕಿ, ಬಿಸಿನೀರಲ್ಲಿ ನಾದಿದ ಹಿಟ್ಟು ಇಟ್ಟು, ಬಡಿಯತೊಡಗಿದಳು. ನಾಲ್ಕು ಏಟು ಬಿದ್ದಿರಬೇಕು. ಕೈ ಗಾಳಿಯಲ್ಲೇ ನಿಂತಿತು. ತಲೆ ಸ್ವಲ್ಪ ವಾಲಿಸಿ ಅವಳು ನೆಲಕ್ಕೆ ಕಿವಿಗೊಟ್ಟಳು. ಕೆಳಗೆ ಮಣ್ಣಿತ್ತು, ಯಾರೂ ಇರಲಿಲ್ಲ. ಆಮೇಲೆ ಮುಂದುವರಿಸಿದಳು. ಹೊಸದರಲ್ಲಿ ಹಾಗಾಗುತ್ತದೆ, ಹೋಗುತ್ತದೆ ಎಂದುಕೊಂಡೆ.

ಈಗ ಗದಗಿನಲ್ಲಿ ಅಪ್ಪ ಕಟ್ಟಿಸಿದ ಸ್ವಂತ ಮನೆ ಇದೆ. ಗೋಡೆಯ ತುಂಬ ಮೊಳೆ ಹೊಡೆದು ಅಜ್ಜನನ್ನು ನಡುವೆ ತೂಗುಹಾಕಿದ್ದೇವೆ. ರಜೆಗೆ ಹೋದಾಗ ಬೆಳಿಗ್ಗೆ ನಾನು ಹಾಸಿಗೆಯಲ್ಲೇ ಮಲಗಿ ಕೇಳುತ್ತೇನೆ. ಅದೇ ಹಲಗೆ, ಅದೇ ಕೈ. ಬಡಿಯುತ್ತ ಬಡಿಯುತ್ತ ಒಮ್ಮೆ ನಿಲ್ಲುತ್ತದೆ. ತನ್ನ ಮನೆಯಲ್ಲಿ, ತನ್ನ ನೆಲದ ಮೇಲೆ ಕೂತು, ನಮ್ಮವ್ವ ಕೆಳಗಿನಿಂದ ಯಾರಾದರೂ ಬೇಡ ಎನ್ನುತ್ತಾರೇನೋ ಎಂದು ಒಂದು ಗಳಿಗೆ ಕಾಯುತ್ತಾಳೆ.